ಐಸ್ ಹಾಕಿ ಆಡುವ ಮಕ್ಕಳಿಗೆ ಸಲಹೆಗಾರ ಯಾವಾಗ ಬೇಕು?

ಕೆನಡಾದ ಮಿಸ್ಸಿಸಾಗಾದಲ್ಲಿ ಕನ್ನಡ ಕುಟುಂಬಗಳ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡದ ಮನೆಗಳ ಮಕ್ಕಳು ಈಗ ಐಸ್ ಹಾಕಿಯಲ್ಲಿ ಮೇಲಿನ ದರ್ಜೆಗಳಿಗೆ ಬರುತ್ತಿದ್ದಾರೆ. ಅಂಥ ಮನೆಗಳಿಗೆ ‘ಫ್ಯಾಮಿಲಿ ಅಡ್ವೈಸರ್’ ಎಂದು ಪರಿಚಯಿಸಿಕೊಳ್ಳುವವರಿಂದ ಫೋನ್ ಬರುತ್ತಿದೆ, ಅವರಿಗೆ ಏನು ಉತ್ತರ ಕೊಡಬೇಕೆಂದು ತಂದೆತಾಯಿಗಳಿಗೆ ತಿಳಿಯುತ್ತಿಲ್ಲ, ಆ ವಿಷಯವನ್ನು ಬಿಡಿಸಿ ಹೇಳಿ ಎಂದು ಈ ಸಭೆ ಕರೆದ ಸ್ನೇಹಿತರು ಕೇಳಿದರು. ನಾನು ವೃತ್ತಿಯಿಂದ ಸಲಹೆಗಾರನಲ್ಲ, ವಕೀಲನೂ ಅಲ್ಲ. ನನ್ನ ಮಗ ಒಂಟಾರಿಯೊದಲ್ಲಿ ಐದನೆಯ ವಯಸ್ಸಿನಿಂದ ಆಡಿ ಜೂನಿಯರ್ ಹಂತದವರೆಗೆ ಹೋದ. ಅವನ ತಂಡಗಳಿಗೆ ನಾನು ಆರು ವರ್ಷ ಮ್ಯಾನೇಜರ್ ಆಗಿದ್ದೆ. ಆ ವರ್ಷಗಳಲ್ಲಿ ಕಲಿತದ್ದನ್ನೂ, ತಡವಾಗಿ ಕಲಿತು ನಷ್ಟ ಅನುಭವಿಸಿದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ನಾನು ವಿರಾಜಪೇಟೆಯ ಕಡೆಯವನು. ಅಲ್ಲಿ ಹಾಕಿ ಎಂದರೆ ಮಣ್ಣಿನ ಮೇಲಿನ ಹಾಕಿ. ಹುಡುಗನೊಬ್ಬ ಚೆನ್ನಾಗಿ ಆಡಿದರೆ ಮುಂದೇನು ಎಂದು ಹೇಳಲು ಶಾಲೆಯ ಡ್ರಿಲ್ ಮೇಷ್ಟ್ರು ಇದ್ದರು, ಸೇನೆಯ ತಂಡದಲ್ಲೋ ಬ್ಯಾಂಕಿನ ತಂಡದಲ್ಲೋ ಆಡಿ ಬಂದ ಚಿಕ್ಕಪ್ಪಂದಿರು ಇದ್ದರು. ಇಂಥ ತಿಂಗಳು ಆಯ್ಕೆ ಇದೆ, ಇಂಥವರನ್ನು ಕಾಣು, ಡಿಗ್ರಿ ಬಿಡಬೇಡ ಎಂದು ಅವರು ಹೇಳುತ್ತಿದ್ದರು, ಮತ್ತು ಹಾಗೆ ಹೇಳಿದವರು ಮರುದಿನ ಬೆಳಿಗ್ಗೆಯೂ ಅದೇ ಊರಿನಲ್ಲಿ ಎದುರಾಗುತ್ತಿದ್ದರು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಹೊಸದೇನನ್ನೂ ಹುಟ್ಟುಹಾಕಲಿಲ್ಲ. ಹಾಕಿಯ ತಿಳಿವಳಿಕೆ ಮನೆತನಗಳ ಒಳಗೇ ಇದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಮಾಡಿದರು. ಕೆನಡಾದಲ್ಲಿಯೂ ಹಾಕಿ ಆಡಿದ ಅಪ್ಪ, ಅಜ್ಜ ಇರುವ ಮನೆಗಳಿಗೆ ಆ ತಿಳಿವಳಿಕೆ ಹುಟ್ಟಿನಿಂದಲೇ ಬಂದಿರುತ್ತದೆ. ನಮಗೆ ಬಂದಿಲ್ಲ. ಅದಕ್ಕಾಗಿಯೇ ಸಲಹೆಗಾರನೆಂಬವನು ನಮ್ಮ ಬಾಗಿಲಿಗೆ ಬಂದಾಗ ನಾವು ಅಗತ್ಯಕ್ಕಿಂತ ಹೆಚ್ಚು ನಂಬುತ್ತೇವೆ, ಇಲ್ಲವೇ ಅಗತ್ಯಕ್ಕಿಂತ ಹೆಚ್ಚು ಹೆದರುತ್ತೇವೆ.

ಮೊದಲು ಏಣಿಯ ಮೆಟ್ಟಿಲುಗಳನ್ನು ಬೇಗ ನೋಡಿಬಿಡೋಣ. ಬಡಾವಣೆ ಮಟ್ಟದ ಹೌಸ್ ಲೀಗ್, ಅದರ ಮೇಲೆ ಎ, ಡಬಲ್ ಎ, ಟ್ರಿಪಲ್ ಎ. ಟ್ರಿಪಲ್ ಎ ಎಂದರೆ ಟೊರೊಂಟೊ ಸುತ್ತಮುತ್ತ ಒಂದು ಕುಟುಂಬಕ್ಕೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುವ ಖರ್ಚು. ಇಲ್ಲಿ ಕುಳಿತಿರುವ ಹಲವರಿಗೆ ಅದು ಗೊತ್ತೇ ಇದೆ. ಹದಿನಾರು ತುಂಬುವ ವರ್ಷದಲ್ಲಿ ಒಂಟಾರಿಯೊ ಹಾಕಿ ಲೀಗ್, ಅಂದರೆ ಒಎಚ್‌ಎಲ್, ತನ್ನ ಡ್ರಾಫ್ಟ್ ನಡೆಸುತ್ತದೆ; ಡ್ರಾಫ್ಟ್ ಎಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ಪಶ್ಚಿಮದ ಡಬ್ಲ್ಯುಎಚ್‌ಎಲ್ ಅದಕ್ಕಿಂತ ಒಂದು ವರ್ಷ ಮೊದಲೇ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಇವೆರಡು ಮತ್ತು ಕ್ವಿಬೆಕ್ ಹಾಗೂ ಪೂರ್ವ ಕರಾವಳಿಯ ಲೀಗ್ ಸೇರಿದರೆ ಕೆನಡಿಯನ್ ಹಾಕಿ ಲೀಗ್, ಸಿಎಚ್‌ಎಲ್; ಸುಮಾರು 60 ತಂಡಗಳು, ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹುಡುಗರು. ಅಮೆರಿಕದ ವಿಶ್ವವಿದ್ಯಾಲಯಗಳ ಹಾಕಿಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಆ ದಾರಿಗೆ ಸಾಮಾನ್ಯವಾಗಿ ಅಮೆರಿಕದ ಜೂನಿಯರ್ ಲೀಗ್ ಆದ ಯುಎಸ್‌ಎಚ್‌ಎಲ್ ಅಥವಾ ಕೆನಡಾದ ಜೂನಿಯರ್ ಎ ಲೀಗ್‌ಗಳ ಮೂಲಕ ಹೋಗುತ್ತಿದ್ದರು. ಇವೆಲ್ಲದರ ಮೇಲೆ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್. ಅದರ ವಾರ್ಷಿಕ ಡ್ರಾಫ್ಟ್‌ನಲ್ಲಿ 32 ತಂಡಗಳು ಏಳು ಸುತ್ತುಗಳಲ್ಲಿ ಆರಿಸುವುದು ಒಟ್ಟು 224 ಆಟಗಾರರನ್ನು, ಅದೂ ಇಡೀ ಜಗತ್ತಿನಿಂದ.

ಈ ಏಣಿಯ ನಡುವೆ ಎಲ್ಲೋ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಸಲಹೆಗಾರರು ಕಾಣಿಸಿಕೊಳ್ಳುತ್ತಾರೆ. ಪಂದ್ಯ ಮುಗಿದ ಮೇಲೆ ರಿಂಕಿನ ಕಾರಿಡಾರಿನಲ್ಲಿ ಕೈಕುಲುಕಿ, ನಿಮ್ಮ ಹುಡುಗನ ಸ್ಕೇಟಿಂಗ್ ನೋಡಿದೆ, ಒಂದು ದಿನ ಕಾಫಿ ಕುಡಿಯೋಣವೇ ಎನ್ನುತ್ತಾರೆ. ಇವರಲ್ಲಿ ಎರಡು ಬಗೆ. ಒಂದು, ವೃತ್ತಿಪರ ಆಟಗಾರರ ಏಜೆಂಟರ ಕಚೇರಿಗಳಿಗೆ ಸೇರಿದವರು. ಇವರು ಬಹುಮಟ್ಟಿಗೆ ಮಕ್ಕಳಿಂದ ಏನೂ ಪಡೆಯುವುದಿಲ್ಲ. ಹುಡುಗ ಮುಂದೊಂದು ದಿನ ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದರೆ ಅದರಲ್ಲಿ ಶೇಕಡಾ 3ರಿಂದ 5ರಷ್ಟು ಕಮಿಷನ್ ಬರುತ್ತದೆ ಎಂಬುದು ಅವರ ಲೆಕ್ಕ. ಇನ್ನೊಂದು, ಸಮಾಲೋಚನೆಗೆ ನೇರವಾಗಿ ಶುಲ್ಕ ಪಡೆಯುವವರು. ಇವರು ಮಗುವಿನ ಆಟದ ಮೌಲ್ಯಮಾಪನ, ವಿಡಿಯೊ, ಕಾಲೇಜುಗಳ ಪಟ್ಟಿ, ಕೋಚ್‌ಗಳಿಗೆ ಪತ್ರ ಎಲ್ಲವನ್ನೂ ಸೇರಿಸಿ ಒಂದು ದರ ಹೇಳುತ್ತಾರೆ.

ಶುಲ್ಕ ಇಲ್ಲ ಎಂದ ಮಾತ್ರಕ್ಕೆ ಮೊದಲನೆಯ ಬಗೆಯೇ ಮೇಲು ಎಂದು ತಿಳಿಯಬೇಡಿ. ಒಂದು ಕಚೇರಿ ಮೂವತ್ತು ನಲವತ್ತು ಹುಡುಗರನ್ನು ಪಟ್ಟಿಯಲ್ಲಿ ಇಟ್ಟುಕೊಂಡಿದ್ದರೆ ಅವರಲ್ಲಿ ಇಬ್ಬರೋ ಮೂವರೋ ಮೇಲೆ ಹೋದರೂ ಕಚೇರಿಯ ಖರ್ಚು ಹುಟ್ಟುತ್ತದೆ. ಉಳಿದವರಿಗೆ ಎಷ್ಟು ಸಮಯ ಕೊಡಬೇಕು ಎಂಬುದು ಸಹಜವಾಗಿಯೇ ಅವರ ಮೇಲಿನ ನಿರೀಕ್ಷೆಯನ್ನು ಅವಲಂಬಿಸಿರುತ್ತದೆ. ಹದಿನೈದರಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಫೋನ್ ಹದಿನೇಳರಲ್ಲಿ ತಿಂಗಳಿಗೊಮ್ಮೆ ಆದರೆ ಅದರ ಅರ್ಥ ಏನೆಂದು ಮನೆಯವರು ತಿಳಿದುಕೊಳ್ಳಬೇಕು. ಶುಲ್ಕ ಪಡೆಯುವವರ ಕಷ್ಟ ಬೇರೆ: ಶುಲ್ಕ ಬರುತ್ತಿರುವಷ್ಟು ದಿನ, ನಿಮ್ಮ ಮಗು ಈ ಮಟ್ಟಕ್ಕೆ ಬರಲಾರದು ಎಂದು ಬಾಯಿಬಿಟ್ಟು ಹೇಳುವುದು ಅವರಿಗೆ ಸುಲಭವಲ್ಲ. ಎನ್‌ಎಚ್‌ಎಲ್ ಆಟಗಾರರ ಸಂಘ ಏಜೆಂಟರಿಗೆ ಪ್ರಮಾಣಪತ್ರ ಕೊಡುತ್ತದೆ, ಯಾರಿಗೆ ಕೊಟ್ಟಿದೆ ಎಂಬುದನ್ನೂ ಪ್ರಕಟಿಸುತ್ತದೆ. ಅದನ್ನು ಖಂಡಿತ ನೋಡಿ. ಆದರೆ ಹದಿನಾಲ್ಕರ ಹುಡುಗನ ಮನೆಗೆ ಸಲಹೆ ಕೊಡಲು ಆ ಪ್ರಮಾಣಪತ್ರ ಬೇಕಾಗಿಲ್ಲ ಎಂಬುದೂ ನೆನಪಿರಲಿ.

‘ಏಜೆಂಟ್’ ಎನ್ನದೆ ‘ಅಡ್ವೈಸರ್’ ಎನ್ನುವುದಕ್ಕೆ ಕಾರಣವಿದೆ. ವೃತ್ತಿಪರ ಆಟಕ್ಕಾಗಿ ತನ್ನ ಪರವಾಗಿ ವ್ಯವಹರಿಸಲು ಏಜೆಂಟನನ್ನು ನೇಮಿಸಿಕೊಂಡ ಹುಡುಗ ಕಾಲೇಜು ಹಾಕಿ ಆಡುವ ಅರ್ಹತೆ ಕಳೆದುಕೊಳ್ಳುತ್ತಾನೆ ಎಂಬುದು ಎನ್‌ಸಿಎಎ ನಿಯಮಗಳಲ್ಲಿ ಬಹುಕಾಲದಿಂದ ಬಂದದ್ದು; ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಕುಟುಂಬಕ್ಕೆ ತಿಳಿವಳಿಕೆ ಹೇಳಬಹುದು, ಆದರೆ ಹುಡುಗನ ಪರವಾಗಿ ವೃತ್ತಿಪರ ತಂಡದ ಜೊತೆ ಮಾತುಕತೆಗೆ ಕೂರಬಾರದು ಎಂಬ ಗೆರೆಯ ಈಚೆ ನಿಲ್ಲಲೆಂದೇ ಈ ಹೆಸರು ಹುಟ್ಟಿತು. ಆದ್ದರಿಂದ ಯಾವ ಕಾಗದಕ್ಕೆ ಸಹಿ ಹಾಕುವ ಮೊದಲೂ ಅದರಲ್ಲಿ ‘ಪ್ರತಿನಿಧಿ’ ಎಂಬ ಅರ್ಥದ ಮಾತು ಎಲ್ಲಿದೆ ಎಂದು ಹುಡುಕಿ. ಸಲಹೆಗಾರ ತಾನಾಗಿ ಕೊಡುವ ಸ್ಟಿಕ್, ಬೇಸಿಗೆ ತರಬೇತಿ, ವಿಮಾನದ ಟಿಕೆಟ್ ಇವುಗಳನ್ನು ತೆಗೆದುಕೊಳ್ಳುವ ಮೊದಲು ಕಾಲೇಜಿನ ನಿಯಮಪಾಲನಾ ಕಚೇರಿಯನ್ನೇ ಕೇಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆಗೆ ಬರುತ್ತೇನೆ. ನನ್ನ ಮಗನ ಕಾಲದಲ್ಲಿ ಸಲಹೆಗಾರರ ಕೆಲಸದ ತಿರುಳೇ ಒಂದು ಕವಲುದಾರಿಯಾಗಿತ್ತು: ಸಿಎಚ್‌ಎಲ್ ಬೇಕೋ, ಅಮೆರಿಕದ ಕಾಲೇಜು ಬೇಕೋ. ಸಿಎಚ್‌ಎಲ್ ತಂಡಗಳಲ್ಲಿ ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದ ಹುಡುಗರೂ ಆಡುತ್ತಾರೆ, ಆಟಗಾರರಿಗೆ ಸಣ್ಣ ಭತ್ಯೆಯೂ ಇದೆ. ಹಾಗಾಗಿ ಎನ್‌ಸಿಎಎ ಅದನ್ನು ವೃತ್ತಿಪರ ಲೀಗ್ ಎಂದೇ ಪರಿಗಣಿಸಿತ್ತು. ಸಿಎಚ್‌ಎಲ್ ತಂಡದ ಶಿಬಿರಕ್ಕೆ ಹೋದ ಹುಡುಗ ತಂಡದ ಖರ್ಚಿನಲ್ಲಿ 48 ಗಂಟೆ ಮೀರಿ ಉಳಿಯಬಾರದು ಎಂದು ತಂದೆತಾಯಿಗಳು ಗಡಿಯಾರ ನೋಡುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಒಎಚ್‌ಎಲ್ ತಂಡವೊಂದಕ್ಕೆ ಎರಡು ಪ್ರದರ್ಶನ ಪಂದ್ಯ ಆಡಿದ್ದಕ್ಕಾಗಿ ಕಾಲೇಜು ಹಾಕಿಯ ಬಾಗಿಲು ಮುಚ್ಚಿಹೋದ ಹುಡುಗನೊಬ್ಬ 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಹೋದ. ಅದೇ ವರ್ಷದ ನವೆಂಬರ್ 7ರಂದು ಎನ್‌ಸಿಎಎ ಮೊದಲ ದರ್ಜೆಯ (ಡಿವಿಷನ್ 1) ಮಂಡಳಿ ನಿಯಮವನ್ನೇ ಬದಲಿಸಿತು. 2025ರ ಆಗಸ್ಟ್ 1ರಿಂದ ಸಿಎಚ್‌ಎಲ್‌ನಲ್ಲಿ ಆಡಿದವರೂ ಕಾಲೇಜಿಗೆ ಆಡಬಹುದು. ಡಬ್ಲ್ಯುಎಚ್‌ಎಲ್‌ನ ಮೆಡಿಸಿನ್ ಹ್ಯಾಟ್ ತಂಡದಲ್ಲಿ ಆಡುತ್ತಿದ್ದ ಹೆಸರಾಂತ ಹುಡುಗ ಗ್ಯಾವಿನ್ ಮೆಕೆನ್ನಾ 2025ರ ಬೇಸಿಗೆಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡದ್ದು ಈ ಬದಲಾವಣೆ ಎಷ್ಟು ದೊಡ್ಡದೆಂಬುದನ್ನು ಎಲ್ಲರಿಗೂ ತೋರಿಸಿತು.

ಹಳೆಯ ವ್ಯವಸ್ಥೆಯಲ್ಲಿ ಕೇಲ್ ಮಕಾರ್ ಅವರಂಥ ಡಿಫೆನ್ಸ್ ಆಟಗಾರ ಆಲ್ಬರ್ಟಾದ ಬ್ರೂಕ್ಸ್ ಎಂಬ ಸಣ್ಣ ಊರಿನ ಜೂನಿಯರ್ ಎ ತಂಡದಲ್ಲಿ ಆಡಿ, 2017ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವರಾಗಿ ಆಯ್ಕೆಯಾಗಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಆಡಿ, ಆಮೇಲೆ ಎನ್‌ಎಚ್‌ಎಲ್‌ಗೆ ಹೋದರು. ಕಾಲೇಜಿನ ಅರ್ಹತೆ ಉಳಿಸಿಕೊಳ್ಳಲು ಇಂಥ ದಾರಿ ಹಿಡಿಯಬೇಕು ಎಂಬ ಸಲಹೆಗೆ ಅಂದು ಬೆಲೆ ಇತ್ತು. ಇಂದು ಆ ಸಲಹೆಯನ್ನೇ ಯಾರಾದರೂ ಹಳೆಯ ಕಾರಣ ಕೊಟ್ಟು ಹೇಳಿದರೆ ಅವರು ಎರಡು ವರ್ಷದಿಂದ ನಿಯಮ ಓದಿಲ್ಲ ಎಂದೇ ಅರ್ಥ. ಸಲಹೆಗಾರರನ್ನು ಪರೀಕ್ಷಿಸಲು ನಾನು ಹೇಳುವ ಮೊದಲ ಪ್ರಶ್ನೆ ಇದೇ: 2025ರ ಆಗಸ್ಟ್ ನಂತರ ನೀವು ಹೇಳುತ್ತಿದ್ದ ಸಲಹೆಯಲ್ಲಿ ಏನು ಬದಲಾಗಿದೆ? ಒಳ್ಳೆಯವರು ಅರ್ಧ ಗಂಟೆ ಮಾತಾಡುತ್ತಾರೆ. ಕವಲು ಹೋಯಿತು, ಆದರೆ ಒತ್ತಡ ಹೆಚ್ಚಿತು ಎಂದು ಅವರು ಹೇಳಬೇಕು. ಈಗ ಕಾಲೇಜಿನ ಒಂದೊಂದು ಜಾಗಕ್ಕೂ ಸಿಎಚ್‌ಎಲ್‌ನಲ್ಲಿ ಮೂರು ನಾಲ್ಕು ವರ್ಷ ಆಡಿ ಮಾಗಿದ ಇಪ್ಪತ್ತರ ಹುಡುಗ ಸ್ಪರ್ಧಿಯಾಗಿರುತ್ತಾನೆ. ಹದಿನೆಂಟಕ್ಕೇ ಪ್ರವೇಶ ಸಿಗುತ್ತದೆಂದು ನಂಬಿದ ಜೂನಿಯರ್ ಎ ಹುಡುಗ ಇನ್ನೊಂದೆರಡು ವರ್ಷ ಕಾಯಬೇಕಾಗಬಹುದು, ಅಥವಾ ಅವನ ಜಾಗವೇ ಹೋಗಬಹುದು. ಕೋಚ್ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ.

ಇನ್ನು ನನ್ನ ಮನೆಯ ಕಥೆ. ಮಗ ಹನ್ನೊಂದನೆಯ ತರಗತಿಯಲ್ಲಿದ್ದಾಗ ಜೂನಿಯರ್ ತಂಡಕ್ಕೆ ಆಯ್ಕೆಯಾದ. ವಾರದಲ್ಲಿ ಮೂರು ದಿನ ಬಸ್ಸಿನ ಪ್ರಯಾಣ. ಹೊರೆ ಕಡಿಮೆ ಮಾಡೋಣವೆಂದು ಶಾಲೆಯವರ ಒಪ್ಪಿಗೆಯಿಂದಲೇ ರಸಾಯನಶಾಸ್ತ್ರವನ್ನೂ ಮುಂದಿನ ವರ್ಷ ಒಂದು ಗಣಿತವನ್ನೂ ಬಿಟ್ಟ. ಆಮೇಲೆ ಮುಗಿಸಿದರಾಯಿತು ಎಂದುಕೊಂಡೆವು. ಆಗ ನಮಗೆ ಒಬ್ಬರು ಸಲಹೆಗಾರರಿದ್ದರು. ಅವರು ಪ್ರತಿ ಪಂದ್ಯದ ಬಗ್ಗೆ ಮಾತಾಡುತ್ತಿದ್ದರು, ಪವರ್ ಪ್ಲೇಯಲ್ಲಿ ಅವನು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದರು, ಆದರೆ ಅಂಕಪಟ್ಟಿಯನ್ನು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ತೋರಿಸಬೇಕೆಂದು ನನಗೂ ತೋಚಲಿಲ್ಲ. ಎನ್‌ಸಿಎಎ ಮೊದಲ ದರ್ಜೆಗೆ ಹೈಸ್ಕೂಲಿನಲ್ಲಿ 16 ಮೂಲ ವಿಷಯಗಳು ಮುಗಿದಿರಬೇಕು, ಅವುಗಳ ಸರಾಸರಿ ಗ್ರೇಡ್ ಪಾಯಿಂಟ್ ಕನಿಷ್ಠ 2.3 ಇರಬೇಕು, ಹದಿನಾರರಲ್ಲಿ ಹತ್ತು ಹನ್ನೆರಡನೆಯ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ ಅಥವಾ ವಿಜ್ಞಾನದ್ದೇ ಆಗಿರಬೇಕು. ಒಂಬತ್ತನೆಯ ತರಗತಿ ಆರಂಭವಾದ ನಾಲ್ಕು ವರ್ಷದೊಳಗೆ ಪದವಿ ಪಡೆದವರಿಗೆ ಆನಂತರ ಸೇರಿಸಿಕೊಳ್ಳಲು ಅವಕಾಶ ಇರುವುದು ಒಂದೇ ಒಂದು ವಿಷಯಕ್ಕೆ. ನಮಗೆ ಎರಡು ಕಡಿಮೆ ಬಿದ್ದಿತ್ತು. ಒಂದು ಕಾಲೇಜಿನ ಸಹಾಯಕ ಕೋಚ್ ಅಂಕಪಟ್ಟಿ ತರಿಸಿಕೊಂಡು ನೋಡಿ, ಬಹಳ ಮರ್ಯಾದೆಯಿಂದ ವಿಷಾದ ತಿಳಿಸಿದರು. ಆ ರಾತ್ರಿ ಮಗನಿಗೆ ಅದನ್ನು ಹೇಳಿದ್ದು ನನಗೆ ಇಂದಿಗೂ ಮರೆಯಲಾಗಿಲ್ಲ. ಅವನ ಆಟದಲ್ಲಿ ಯಾವ ತಪ್ಪೂ ಇರಲಿಲ್ಲ.

ಹಾಗಾಗಿ ಸಲಹೆಗಾರನ ಕೆಲಸವನ್ನು ನಾನು ಅಳೆಯುವ ರೀತಿ ಬದಲಾಗಿದೆ. ಬಾಗಿಲು ತೆರೆಸುವುದು ಹುಡುಗನ ಆಟವೇ. ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಮತ್ತು ಕಾಲೇಜು ಕೋಚ್‌ಗಳು ವರ್ಷವಿಡೀ ರಿಂಕ್‌ಗಳನ್ನು ಸುತ್ತುತ್ತಾರೆ, ಈಗ ಪಂದ್ಯಗಳೆಲ್ಲ ವಿಡಿಯೊದಲ್ಲಿ ಸಿಗುತ್ತವೆ. ಟ್ರಿಪಲ್ ಎ ಮಟ್ಟದಲ್ಲಿ ನಿಜವಾಗಿ ಎದ್ದು ಕಾಣುವ ಆಟಗಾರ ಯಾರ ಕಣ್ಣಿಗೂ ಬೀಳದೆ ಉಳಿಯುವುದು ಅಪರೂಪ. ಆದರೆ ತೆರೆದಿದ್ದ ಬಾಗಿಲು ಗೊತ್ತಿಲ್ಲದೆ ಮುಚ್ಚಿಹೋಗುವುದು ಅಪರೂಪವಲ್ಲ, ಅದು ಪ್ರತಿ ವರ್ಷ ಆಗುತ್ತದೆ. ಅದನ್ನು ತಡೆಯುವವರಿಗೆ ಕೊಡುವ ಹಣ ಸಾರ್ಥಕ. ಬಾಗಿಲು ತೆರೆಸುತ್ತೇನೆ ಎನ್ನುವವರಿಗೆ, ಅದರಲ್ಲೂ ಇಂಥ ತಂಡದಲ್ಲಿ ಜಾಗ ಖಚಿತ, ಇಂಥ ಸುತ್ತಿನಲ್ಲಿ ಆಯ್ಕೆ ಖಚಿತ ಎನ್ನುವವರಿಗೆ ಹಣ ಕೊಡಬೇಡಿ. ಆಯ್ಕೆ ಮಾಡುವ ಅಧಿಕಾರ ಅವರಲ್ಲಿ ಇಲ್ಲ.

ಬಾಗಿಲುಗಳು ಎಂಥೆಂಥ ಕಡೆ ಮುಚ್ಚುತ್ತವೆ ಎಂಬುದಕ್ಕೆ ಇನ್ನೆರಡು ಮಾತು. ಬ್ರಿಟಿಷ್ ಕೊಲಂಬಿಯಾದ ಜೂನಿಯರ್ ಲೀಗ್ ಬಿಸಿಎಚ್‌ಎಲ್ 2023ರಲ್ಲಿ ದೇಶದ ಹಾಕಿ ಆಡಳಿತ ಸಂಸ್ಥೆಯಾದ ‘ಹಾಕಿ ಕೆನಡಾ’ದ ವ್ಯವಸ್ಥೆಯಿಂದ ಹೊರಬಂದಿತು. ಹೀಗೆ ಹೊರಗಿರುವ ಲೀಗ್‌ನಲ್ಲಿ ಸೆಪ್ಟೆಂಬರ್ ಕೊನೆಯ ಗಡುವಿನ ನಂತರವೂ ಆಡಿದ ಹುಡುಗ, ಅಲ್ಲಿ ಜಾಗ ಕಳೆದುಕೊಂಡರೆ, ಆ ಋತುವಿನಲ್ಲಿ ತನ್ನ ಊರಿನ ತಂಡಕ್ಕೆ ಮರಳಲು ಆಗದೆ ಹೋಗಬಹುದು. ಲೀಗ್ ಒಳ್ಳೆಯದೋ ಅಲ್ಲವೋ ಎಂಬ ಚರ್ಚೆ ಬೇರೆ. ಹೋಗುವ ಮೊದಲು ಹಿಂದಿರುಗುವ ದಾರಿ ಇದೆಯೇ ಎಂದು ತಿಳಿದಿರಬೇಕು. ಎರಡನೆಯದು ಹಣದ್ದು. ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಗಳಿಸಲು ಎನ್‌ಸಿಎಎ 2021ರ ಜುಲೈನಿಂದ ಅವಕಾಶ ಕೊಟ್ಟಿದೆ, ಆದರೆ ಕೆನಡಾದ ಅಥವಾ ಭಾರತದ ಪಾಸ್‌ಪೋರ್ಟ್ ಹಿಡಿದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ದುಡಿಮೆಯ ಮೇಲೆ ಕಟ್ಟುನಿಟ್ಟಾದ ಮಿತಿ ಇದೆ. ತಂಡದ ಗೆಳೆಯ ಜಾಹೀರಾತಿಗೆ ಸಹಿ ಹಾಕಿದನೆಂದು ನಮ್ಮ ಹುಡುಗನೂ ಹಾಕಿದರೆ ಹೋಗುವುದು ಆಟವಲ್ಲ, ವೀಸಾ. ಇದನ್ನು ಹಾಕಿ ಸಲಹೆಗಾರರನ್ನು ಕೇಳಬೇಡಿ, ವಲಸೆ ವಕೀಲರನ್ನು ಕೇಳಿ.

ಸಿಎಚ್‌ಎಲ್ ತಂಡದಿಂದ ಕರೆ ಬಂದವರಿಗೆ ಒಪ್ಪಂದ ಓದಿಸಿಕೊಳ್ಳುವುದಕ್ಕಾದರೂ ಅನುಭವಿಗಳ ನೆರವು ಬೇಕೇಬೇಕು ಎಂಬುದು ನನ್ನ ಅಭಿಪ್ರಾಯ. ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕ ಕೊಡುವ ವಿದ್ಯಾರ್ಥಿವೇತನ ಅದರಲ್ಲಿರುತ್ತದೆ. ಅದು ಒಳ್ಳೆಯ ವ್ಯವಸ್ಥೆ, ಅನೇಕ ಹುಡುಗರು ಅದರ ಬಲದ ಮೇಲೆ ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾ ಆ ವಿಶ್ವವಿದ್ಯಾಲಯಗಳ ಕ್ರೀಡಾ ಸಂಸ್ಥೆಯಾದ ಯು ಸ್ಪೋರ್ಟ್ಸ್‌ನ ತಂಡಗಳಿಗೆ ಆಡಿದ್ದಾರೆ. ಆದರೆ ಅದನ್ನು ಯಾವಾಗಿನಿಂದ ಬಳಸಬೇಕು, ತಂಡ ಋತುವಿನ ನಡುವೆ ಬೇರೆಡೆಗೆ ಕಳಿಸಿದರೆ ಏನಾಗುತ್ತದೆ, ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದರೆ ಉಳಿಯುತ್ತದೆಯೇ ಎಂಬ ಷರತ್ತುಗಳನ್ನು ಸಾಲು ಸಾಲಾಗಿ ಓದಬೇಕು. ಹುಡುಗ ಇನ್ನೊಂದು ಊರಿನಲ್ಲಿ ಬಿಲೆಟ್ ಕುಟುಂಬದ ಜೊತೆ, ಅಂದರೆ ಆಟಗಾರರನ್ನು ತಮ್ಮ ಮನೆಯಲ್ಲಿಟ್ಟುಕೊಳ್ಳುವ ಕುಟುಂಬದ ಜೊತೆ ಇರುತ್ತಾನೆ. ಆ ಮನೆ ಯಾವುದು, ಊಟ ಹೇಗೆ, ಯಾವ ಶಾಲೆ, ಪ್ರಯಾಣದ ದಿನಗಳಲ್ಲಿ ಪಾಠ ಯಾರು ನೋಡುತ್ತಾರೆ ಎಂದು ಕೇಳಲು ಸಂಕೋಚ ಬೇಡ. ಸಸ್ಯಾಹಾರದ ಮನೆಯ ಹುಡುಗ ಚಳಿಗಾಲದಲ್ಲಿ ದಿನಕ್ಕೆರಡು ಗಂಟೆ ಮಂಜಿನ ಮೇಲಿದ್ದು ಏನು ತಿನ್ನುತ್ತಾನೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಒಳ್ಳೆಯ ಸಲಹೆಗಾರ ಇದನ್ನು ನಿಮಗಿಂತ ಮೊದಲೇ ತಂಡದವರ ಹತ್ತಿರ ಕೇಳಿರುತ್ತಾನೆ.

ಹುಡುಗಿಯರ ದಾರಿ ಇದಕ್ಕಿಂತ ಬೇರೆ. ಅವರಿಗೆ ಸಿಎಚ್‌ಎಲ್‌ಗೆ ಸಮನಾದ ಲೀಗ್ ಇಲ್ಲ. ಎನ್‌ಸಿಎಎ ಮತ್ತು ಯು ಸ್ಪೋರ್ಟ್ಸ್ ಎರಡೇ ಮುಖ್ಯ ದಾರಿಗಳು, ಅವುಗಳ ಆಚೆಗೆ 2024ರ ಜನವರಿಯಲ್ಲಿ ಶುರುವಾದ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಇದೆ. ಹಾಗಾಗಿ ಅವರ ವಿಷಯದಲ್ಲಿ ಓದು ಇನ್ನೂ ಹೆಚ್ಚು ನಿರ್ಣಾಯಕ. ಹಾರ್ವರ್ಡ್, ಕಾರ್ನೆಲ್, ಪ್ರಿನ್ಸ್‌ಟನ್ ಮೊದಲಾದ ಐವಿ ಲೀಗ್ ಕಾಲೇಜುಗಳು ಮೊದಲ ದರ್ಜೆಯ ಹಾಕಿ ಆಡುತ್ತವೆ, ಆದರೆ ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಅಲ್ಲಿ ಸಿಗುವ ನೆರವು ಮನೆಯ ಆದಾಯದ ಮೇಲೆ ನಿಂತಿದೆ. ನಾನು ಕಂಡ ಒಬ್ಬ ಸಲಹೆಗಾರ್ತಿ ಮೊದಲ ಭೇಟಿಯಲ್ಲೇ ಆ ಹುಡುಗಿಯ ಅಂಕಪಟ್ಟಿಯನ್ನೂ ತಂದೆತಾಯಿಯ ಆದಾಯದ ಅಂದಾಜನ್ನೂ ಕೇಳಿ, ಆಮೇಲೆ ವಿಡಿಯೊ ನೋಡಿದರು. ಆ ಮನೆಯವರಿಗೆ ಅದು ವಿಚಿತ್ರವೆನಿಸಿತು. ನನಗೆ ಅವರ ಮೇಲೆ ಆಗಲೇ ಗೌರವ ಹುಟ್ಟಿತು.

ಎಷ್ಟನೆಯ ವಯಸ್ಸಿನಲ್ಲಿ ಸಲಹೆಗಾರ ಬೇಕು ಎಂಬ ಪ್ರಶ್ನೆ ಉಳಿದಿದೆ. ಮುಂದೆ ಎನ್‌ಎಚ್‌ಎಲ್ ತಾರೆಗಳಾದ ಇಬ್ಬರು, 2005ರಲ್ಲಿ ಜಾನ್ ಟವಾರೆಸ್, 2012ರಲ್ಲಿ ಕಾನರ್ ಮೆಕ್‌ಡೇವಿಡ್, ಹದಿನೈದಕ್ಕೇ ವಿಶೇಷ ಅನುಮತಿ ಪಡೆದು ಒಎಚ್‌ಎಲ್ ಪ್ರವೇಶಿಸಿದರು ಎಂಬ ಸಂಗತಿಯನ್ನು ಹೇಳಿ, ಹದಿಮೂರಕ್ಕೇ ಶುರುಮಾಡಿ ಎನ್ನುವವರಿದ್ದಾರೆ. ಅಂಥ ಅನುಮತಿ ಪಡೆದವರನ್ನು ಇಂದಿಗೂ ಬೆರಳುಗಳ ಮೇಲೆ ಎಣಿಸಬಹುದು. ಇನ್ನೊಂದು ತುದಿಯಲ್ಲಿ ಮಾರ್ಟಿನ್ ಸೇಂಟ್ ಲೂಯಿ ಇದ್ದಾರೆ: ಕುಳ್ಳಗಿದ್ದ ಅವರನ್ನು ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲಿಲ್ಲ, ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿ ಓದಿದರು, 2018ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ನನ್ನ ಲೆಕ್ಕದಲ್ಲಿ ಒಂಬತ್ತನೆಯ ತರಗತಿಗೆ ವಿಷಯಗಳನ್ನು ಆರಿಸುವಾಗ ನಿಯಮ ಬಲ್ಲವರೊಬ್ಬರ ಜೊತೆ ಒಂದು ಗಂಟೆ ಮಾತು ಸಾಕು. ಕಾಲೇಜು ಕೋಚ್‌ಗಳು ಹುಡುಗರನ್ನು ನೇರವಾಗಿ ಸಂಪರ್ಕಿಸಬಹುದಾದದ್ದು ಹತ್ತನೆಯ ತರಗತಿಯ ಜನವರಿ 1ರಿಂದ; ಅದಕ್ಕೆ ಮೊದಲು, ಕೋಚ್ ನಿಮ್ಮ ಮಗನ ಬಗ್ಗೆ ನನಗೆ ಫೋನ್ ಮಾಡಿದ್ದರು ಎಂದು ಯಾರಾದರೂ ಹೇಳಿದರೆ, ಏನು ಕೇಳಿದರು, ಏನು ಉತ್ತರ ಕೊಟ್ಟಿರಿ ಎಂದು ಬಿಡಿಸಿ ಕೇಳಿ. ನಿಯತವಾಗಿ ಜೊತೆಗಿರುವ ಸಲಹೆಗಾರ ಬೇಕಾಗುವುದು ಒಎಚ್‌ಎಲ್ ಡ್ರಾಫ್ಟ್‌ನ ವರ್ಷದಲ್ಲಿ, ಅದೂ ಹುಡುಗನ ಹೆಸರು ನಿಜವಾಗಿಯೂ ಸ್ಕೌಟ್‌ಗಳ ಬಾಯಲ್ಲಿ ಇದ್ದರೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದರು: “ಅಣ್ಣಾ, ನನ್ನ ಮಗನಿಗೆ ಹದಿನಾಲ್ಕು. ನಿನ್ನೆ ಒಬ್ಬರು ಕಾಗದ ಕಳಿಸಿದ್ದಾರೆ, ಭಾನುವಾರದೊಳಗೆ ಸಹಿ ಹಾಕಿ ಅಂದಿದ್ದಾರೆ. ಏನು ಮಾಡಲಿ?”

ಭಾನುವಾರ ಸಹಿ ಹಾಕಬೇಡಿ ಎಂದೆ. ಹದಿನಾಲ್ಕರ ಹುಡುಗನ ವಿಷಯದಲ್ಲಿ ಭಾನುವಾರಕ್ಕೆ ಮುಗಿಯುವ ಅವಕಾಶ ಯಾವುದೂ ಇಲ್ಲ. ಕಾಗದ ಕಳಿಸಿದವರಿಗೆ, ಮೂರು ವರ್ಷ ಹಿಂದೆ ಅವರಲ್ಲಿ ಸೇರಿಕೊಂಡ, ಆದರೆ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದ ಇಬ್ಬರು ಹುಡುಗರ ತಂದೆತಾಯಿಯರ ಜೊತೆ ಮಾತಾಡಿಸಲು ಹೇಳಿ. ಆಯ್ಕೆಯಾದವರ ಹೆಸರುಗಳನ್ನು ಅವರು ತಾವಾಗಿಯೇ ಹೇಳುತ್ತಾರೆ, ಅದು ಬೇಡ. ಆ ಕಾಗದವನ್ನು ನಾಳೆ ನನಗೂ ತೋರಿಸಿ, ಜೊತೆಗೆ ಮಗನ ಶಾಲೆಯ ವಿಷಯಗಳ ಪಟ್ಟಿಯನ್ನೂ ತನ್ನಿ.